ಎಲೆ ನೋಡಿ ಹಿಗ್ಗಬೇಡ, ತಂಗೀ

ತಂಗೀ, ಕಲಬುರಗಿಯ ಎರೆಹೊಲದಿಂದ ದಿಲ್ಲಿಯ ಪೂಸಾಕ್ಕೆ ಓದಲು ಬಂದಿದ್ದೀ. 1905ರಲ್ಲಿ ಬಿಹಾರದ ಪೂಸಾದಲ್ಲಿ ಹುಟ್ಟಿದ ಈ ಕೃಷಿ ಸಂಶೋಧನಾ ಸಂಸ್ಥೆ 1934ರ ಭೂಕಂಪಕ್ಕೆ ನಲುಗಿ, 1936ರಲ್ಲಿ ಇಲ್ಲಿಗೆ ಬಂತು. ಬರುವಾಗ ಊರಿನ ಹೆಸರನ್ನೂ ಹೊತ್ತು ತಂದಿತು. ನೀನು ನಿನ್ನ ಹೊಲವನ್ನು ಮನಸ್ಸಿನಲ್ಲಿ ಹೊತ್ತು ತಂದಿದ್ದರೆ ನನಗೆ ಅಷ್ಟೇ ಸಂತೋಷ.

ಇಲ್ಲಿನ ಹೊಲಗಳಲ್ಲಿ ಬೆಳೆಯ ಸುತ್ತ ಕೊಳವೆಯ ಉಂಗುರ ಕಟ್ಟಿ, ಗಾಳಿಗೆ ಇಂಗಾಲದ ಡೈಆಕ್ಸೈಡ್ ಬೆರೆಸಿ ಪರೀಕ್ಷೆ ಮಾಡುತ್ತಾರೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಈ ಅನಿಲ ಈಗ 420 ದಾಟಿದೆ. ಮುಂದಿನ ಗಾಳಿ ಹೇಗಿದ್ದೀತೋ ಅದನ್ನು ಇಂದೇ ಬೆಳೆಗೆ ಉಣಿಸಿ ನೋಡುವ ಕೆಲಸ ಅದು. ಉಂಗುರದೊಳಗಿನ ಬೆಳೆ ದಟ್ಟವಾಗಿ ಎದ್ದುದನ್ನು ಕಂಡಾಗ ಒಂದು ಮಾತು ನೆನಪಿಡು: ಎಲೆ ನೋಡಿ ಹಿಗ್ಗಬೇಡ, ಬೇರು ಅಗೆದು ನೋಡು.

ಹಿಗ್ಗಲು ಕಾರಣ ಇಲ್ಲದಿಲ್ಲ. ಈ ಅನಿಲ ಹೆಚ್ಚಾದರೆ ಕಡಲೆ, ತೊಗರಿ, ಹೆಸರಿನ ಎಲೆ ಹೆಚ್ಚು ಸಕ್ಕರೆ ಮಾಡುತ್ತದೆ. ಎಲೆಯ ಸಣ್ಣ ರಂಧ್ರಗಳು ಕಿರಿದಾಗಿ ನೀರೂ ಉಳಿಯುತ್ತದೆ. ದ್ವಿದಳ ಬೆಳೆಗೆ ಇನ್ನೂ ಒಂದು ಭಾಗ್ಯ: ಮಿಕ್ಕ ಸಕ್ಕರೆ ಬೇರುಗಂಟಿನ ಬ್ಯಾಕ್ಟೀರಿಯಾಗಳ ಹೊಟ್ಟೆ ಸೇರುತ್ತದೆ, ಅವು ಗಾಳಿಯ ಸಾರಜನಕ ಹಿಡಿದುಕೊಡುತ್ತವೆ. ಲೆಕ್ಕದಂತೆ ಬರಗಾಲಕ್ಕೂ ಇದೇ ಮದ್ದಾಗಬೇಕಿತ್ತು.

ಆಗಲಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಎಂಟು ವರ್ಷ ಸೋಯಾ ಬೆಳೆದು ನೋಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಓದು. ಬರ ಬಿಗಿಯಾದಂತೆಲ್ಲ ಅನಿಲದ ಲಾಭ ಕರಗುತ್ತ ಹೋಗಿ ಕೊನೆಗೆ ಏನೂ ಉಳಿಯಲಿಲ್ಲ. ಎಲೆ ಹೆಚ್ಚಾದರೆ ಕುಡಿಯುವ ಬಾಯಿಯೂ ಹೆಚ್ಚು. ಮೇಲ್ಮಣ್ಣು ಒಣಗಿದರೆ ಮೊದಲು ಸೊರಗುವುದು ಬೇರುಗಂಟೇ. ಇಷ್ಟೇ ಅಲ್ಲ, ಈ ಅನಿಲ ಹೆಚ್ಚಿದರೆ ಕಾಳಿನ ಸತು, ಕಬ್ಬಿಣ ಕಡಿಮೆಯಾಗುತ್ತವೆಂದು 2014ರಲ್ಲೇ ತೋರಿಸಿದ್ದಾರೆ. ಬೇಳೆಯನ್ನೇ ನಂಬಿದ ಮನೆಯ ಬಾಣಂತಿಗೆ, ಮಗುವಿಗೆ ಇದು ಸಣ್ಣ ನಷ್ಟವಲ್ಲ.

ಅದಕ್ಕೇ ಹೇಳುತ್ತೇನೆ. ಅನಿಲವನ್ನೊಂದೇ ಏರಿಸಿ ಬರೆದ ಫಲಿತಾಂಶಕ್ಕೆ ತೃಪ್ತಳಾಗಬೇಡ, ಜೊತೆಗೆ ನೀರನ್ನೂ ತಡೆದು ನೋಡು. ಕಾಳನ್ನು ತೂಗಿ ಬಿಟ್ಟುಬಿಡಬೇಡ, ಅದರೊಳಗೆ ಏನಿದೆ ಎಂದೂ ಅಳೆ. ರಜೆಯಲ್ಲಿ ಹರಿಯಾಣದ ಮಹೇಂದ್ರಗಢದ ಮರಳು ಹೊಲಗಳ ಕಡೆ ಹೋಗಿ, ಅಲ್ಲಿನ ಮುದುಕರೊಂದಿಗೆ ಕೂತು ಮಾತಾಡು. ಬೇರು ನಂಬಿದವರು ಸೋತಿಲ್ಲ: ಆಳವಾದ, ದಟ್ಟವಾದ ಬೇರಿಗೆ ಹೆಸರಾದ ಐಸಿಸಿ 4958 ಕಡಲೆಯ ಗುಣವನ್ನು ಕೂಡಿಸಿಯೇ ಬರ ತಾಳುವ ಪೂಸಾ 10216 ತಳಿ ಮಾಡಿದರು. 2019ರಲ್ಲಿ ಅದರ ಜೊತೆಯಲ್ಲೇ, ಸೊರಗುರೋಗ ತಡೆಯುವ ನಮ್ಮ ರಾಯಚೂರಿನ ಸೂಪರ್ ಅಣ್ಣಿಗೇರಿ ಕಡಲೆಯೂ ಬಂತು.

ನಮ್ಮಪ್ಪ ಹಿಂಗಾರಿ ಕಡಲೆ ಬಿತ್ತುವ ಮೊದಲು ಗೇಣುದ್ದ ತೋಡಿ, ಮಣ್ಣು ಹಿಡಿದು ಉಂಡೆ ಕಟ್ಟಿ ನೋಡುತ್ತಿದ್ದರು. ಆ ಹಸಿಯೇ ಬೆಳೆಗೆ ಕೊನೆಯವರೆಗಿನ ಬುತ್ತಿ. ನೀನು ಎಷ್ಟು ದೊಡ್ಡ ಯಂತ್ರ ಕಲಿತರೂ ಆ ಉಂಡೆ ಮರೆಯಬೇಡ. ಊರಿಗೆ ಫೋನು ಮಾಡಿದಾಗ ಬೆಳೆ ಹಸಿರಾಗಿದೆಯೇ ಎಂದು ಕೇಳಿ ಸುಮ್ಮನಾಗದೆ, ಹಸಿ ಎಷ್ಟು ಆಳಕ್ಕಿದೆ ಎಂದು ಕೇಳು.