ನ್ಯಾನೋದ್ರವ: ನನ್ನ ಚಾರ್ಟಿನ ಶೇ. 40

ಈ ಬಾರಿ ಭೌತಶಾಸ್ತ್ರದ ಸೆಮಿನಾರಿಗೆ ನಾನು ಆರಿಸಿಕೊಂಡ ವಿಷಯ ನ್ಯಾನೋದ್ರವ. ತಯಾರಿ ಮಾಡುವಾಗ ಕಲಿತದ್ದನ್ನು ಸಹಪಾಠಿಗಳೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕಾರಿನ ರೇಡಿಯೇಟರಿನಲ್ಲಿ ಎಂಜಿನ್ನಿನ ಶಾಖವನ್ನು ಹೊರಗೆ ಸಾಗಿಸುವುದು ನೀರು ಮತ್ತು ಎಥಿಲೀನ್ ಗ್ಲೈಕಾಲ್. ಆದರೆ ದ್ರವಗಳ ಉಷ್ಣವಾಹಕತೆ ಬಹಳ ಕಡಿಮೆ. ನೀರಿನದು ಮೀಟರ್-ಕೆಲ್ವಿನ್‌ಗೆ ಸುಮಾರು 0.6 ವ್ಯಾಟ್, ತಾಮ್ರದ್ದು ಸುಮಾರು 400 ವ್ಯಾಟ್. ಹಾಗಾದರೆ ದ್ರವಕ್ಕೆ ಲೋಹದ ಪುಡಿ ಬೆರೆಸಿದರೆ ಹೇಗೆ? ಇಂತಹ ಮಿಶ್ರಣಗಳ ವಾಹಕತೆಗೆ ಮ್ಯಾಕ್ಸ್‌ವೆಲ್ 1873ರಲ್ಲೇ ಸೂತ್ರ ಕೊಟ್ಟಿದ್ದರು. ಆದರೆ ದಪ್ಪ ಕಣಗಳು ತಳಕ್ಕೆ ಇಳಿಯುತ್ತವೆ, ಕೊಳವೆಯನ್ನು ಸವೆಸುತ್ತವೆ. ಕಣಗಳು 100 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಬ್ರೌನಿಯನ್ ಚಲನೆಯಿಂದ ದ್ರವದಲ್ಲೇ ತೇಲಾಡುತ್ತವೆ. ಇಂತಹ ಮಿಶ್ರಣಕ್ಕೆ 1995ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ 'ನ್ಯಾನೋದ್ರವ' ಎಂದು ಹೆಸರಿಟ್ಟರು.

2001ರಲ್ಲಿ ಅದೇ ಪ್ರಯೋಗಾಲಯದಿಂದ ಒಂದು ಫಲಿತಾಂಶ ಬಂತು. ಎಥಿಲೀನ್ ಗ್ಲೈಕಾಲ್‌ಗೆ ಗಾತ್ರದಲ್ಲಿ ಕೇವಲ ಶೇ. 0.3ರಷ್ಟು ತಾಮ್ರದ ನ್ಯಾನೋಕಣ ಬೆರೆಸಿದಾಗ ವಾಹಕತೆ ಶೇ. 40ರವರೆಗೆ ಹೆಚ್ಚಿತಂತೆ! ನಾನು ಚಾರ್ಟಿನ ನಡುವೆ ದೊಡ್ಡದಾಗಿ '40' ಎಂದು ಬರೆದು ಸರ್‌ಗೆ ತೋರಿಸಿದೆ. ಅವರು, "ಮ್ಯಾಕ್ಸ್‌ವೆಲ್ ಸೂತ್ರದಿಂದ ಎಷ್ಟು ಬರುತ್ತದೆ? ಲೆಕ್ಕ ಮಾಡಿದ್ದೀಯಾ?" ಎಂದು ಕೇಳಿದರು. ನಾನು ಮಾಡಿರಲಿಲ್ಲ.

ಲೆಕ್ಕ ಸುಲಭ. ಕಣದ ವಾಹಕತೆ ದ್ರವದ್ದಕ್ಕಿಂತ ಬಹಳ ಹೆಚ್ಚಿದ್ದು, ಕಣಗಳ ಪ್ರಮಾಣ ಕಡಿಮೆ ಇದ್ದರೆ, ಆ ಪ್ರಮಾಣವನ್ನು 3ರಿಂದ ಗುಣಿಸಿದರೆ ಸಾಕು. 0.3 × 3 = 0.9. ಅಂದರೆ ಶೇ. 1ಕ್ಕಿಂತಲೂ ಕಡಿಮೆ!

ಯಾವುದು ಸರಿ? 2009ರಲ್ಲಿ 30ಕ್ಕೂ ಹೆಚ್ಚು ಸಂಸ್ಥೆಗಳು ಸೇರಿ, ಒಂದೇ ರೀತಿಯ ನ್ಯಾನೋದ್ರವ ಮಾದರಿಗಳನ್ನು ಬೇರೆ ಬೇರೆ ವಿಧಾನಗಳಲ್ಲಿ ಅಳೆದ ಫಲಿತಾಂಶ ಪ್ರಕಟವಾಯಿತು. ಆ ಮಾದರಿಗಳಲ್ಲಿ ಯಾವ ಪವಾಡವೂ ಕಾಣಲಿಲ್ಲ. ಹಳೆಯ ಸೂತ್ರವೇ ಹೊಂದಿಕೆಯಾಯಿತು. ಇನ್ನೊಂದು ತೊಂದರೆಯೂ ಇದೆ. ಕಣ ಹೆಚ್ಚಿದಂತೆ ದ್ರವದ ಸ್ನಿಗ್ಧತೆ ಹೆಚ್ಚುತ್ತದೆ, ಪಂಪಿಗೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ.

ಹಾಗಾದರೆ ನ್ಯಾನೋಕಣಗಳಿಂದ ಪ್ರಯೋಜನವೇ ಇಲ್ಲವೇ? ಇದೆ, ಮುಖ್ಯವಾಗಿ ದ್ರವ ಕುದಿಯುವಾಗ. ಉಮ್ಮ ದೋಸೆ ಕಾವಲಿಗೆ ನೀರು ಚಿಮುಕಿಸುವುದನ್ನು ನೋಡಿದ್ದೇನೆ. ಕಾವಲಿ ತುಂಬಾ ಕಾದಿದ್ದರೆ ಹನಿಗಳು ತಕ್ಷಣ ಆರದೆ ಉರುಳಾಡುತ್ತವೆ. ಹನಿಯ ಕೆಳಗಿನ ಆವಿಯ ಪದರ ಶಾಖವನ್ನು ತಡೆಯುತ್ತದೆ. ಇದೇ ಲೈಡನ್‌ಫ್ರಾಸ್ಟ್ ಪರಿಣಾಮ. ಬಾಯ್ಲರಿನಲ್ಲೂ ಶಾಖ ಒಂದು ಮಿತಿ ದಾಟಿದರೆ ಗುಳ್ಳೆಗಳು ಕೂಡಿ ಆವಿಯ ಪದರವಾಗುತ್ತವೆ. ಆಗ ನೀರು ಲೋಹವನ್ನು ಮುಟ್ಟುವುದಿಲ್ಲ. ಲೋಹ ವಿಪರೀತ ಕಾದು ಹಾಳಾಗಬಹುದು.

ನ್ಯಾನೋದ್ರವವನ್ನು ಕುದಿಸಿದಾಗ ಈ ಮಿತಿ ಗಣನೀಯವಾಗಿ ಮೇಲೇರುತ್ತದೆ. ಕಾರಣ ಹುಡುಕಿದವರಿಗೆ ಉತ್ತರ ಸಿಕ್ಕಿದ್ದು ದ್ರವದಲ್ಲಿ ಅಲ್ಲ, ಲೋಹದ ಮೇಲೆ. ಕಣಗಳು ಅಲ್ಲಿ ಕುಳಿತು ತೆಳುವಾದ, ರಂಧ್ರಗಳುಳ್ಳ ಲೇಪವಾಗಿದ್ದವು. ಬತ್ತಿ ಎಣ್ಣೆಯನ್ನು ಹೀರುವಂತೆ ಆ ಲೇಪ ನೀರನ್ನು ಬಿಸಿ ಜಾಗಕ್ಕೆ ಎಳೆಯುತ್ತದೆ. ಹಾಗಾಗಿ ಈಗ ಸಂಶೋಧಕರು ಲೋಹದ ಮೇಲ್ಮೈಯಲ್ಲೇ ನ್ಯಾನೋ ರಚನೆಗಳನ್ನು ಮಾಡುತ್ತಾರೆ. ಆಗ ದ್ರವಕ್ಕೆ ಏನನ್ನೂ ಬೆರೆಸಬೇಕಿಲ್ಲ, ಬರೀ ನೀರು ಸಾಕು.

ಸೆಮಿನಾರಿನ ದಿನ ನನ್ನ ಚಾರ್ಟಿನಲ್ಲಿ 40 ಹಾಗೆಯೇ ಇತ್ತು. ಅದರ ಪಕ್ಕದಲ್ಲಿ 0.9 ಎಂದೂ ಬರೆದಿದ್ದೆ. ಹೆಚ್ಚಿನ ಪ್ರಶ್ನೆಗಳು ಬಂದದ್ದು ಆ ಎರಡು ಸಂಖ್ಯೆಗಳ ಬಗ್ಗೆಯೇ.