ಮಾತು ಕೊಡುವ ಮುಂಚೆ ನಿಮ್ಮನ್ನು ಕರೆಯಲಿ

ಪ್ರಶ್ನೆ: ನನಗೆ 34 ವರ್ಷ. ಪೀಣ್ಯದ ಕಂಪನಿಯೊಂದರಲ್ಲಿ ಟೆಕ್ನಿಕಲ್ ಕನ್ಸಲ್ಟೆಂಟ್. ಕಾರ್ಖಾನೆಗಳಿಗೆ ಸೆನ್ಸರ್ ತಯಾರಿಸುತ್ತೇವೆ. ಮಾರ್ಕೆಟಿಂಗ್‌ನವರು ಗ್ರಾಹಕರಿಗೆ ‘ಆಗುತ್ತೆ’ ಅಂದುಬಿಡುತ್ತಾರೆ. ಎಂಜಿನಿಯರುಗಳು ‘ಇದು ಆಗೋ ಮಾತಲ್ಲ’ ಅನ್ನುತ್ತಾರೆ. ಬೈಗುಳ ಮಾತ್ರ ಎರಡೂ ಕಡೆಯಿಂದ ನನಗೇ. ಊರು ಸಿದ್ದಾಪುರ, ಇಲ್ಲಿ ಗುರುವಾರ ಸಂಜೆ ಯಕ್ಷಗಾನದ ಮದ್ದಳೆ ಕಲಿಯಲು ಹೋಗುತ್ತಿದ್ದೆ. ಮೀಟಿಂಗುಗಳಿಂದಾಗಿ ಅದೂ ನಿಂತಿದೆ. ಈ ಹುದ್ದೆ ಬಿಟ್ಟು ಮತ್ತೆ ಡಿಸೈನ್ ಕೆಲಸಕ್ಕೇ ಹೋಗಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇಷ್ಟು ಬೇಗ ಬಿಡಬೇಡಿ. ನಿಮ್ಮ ಪತ್ರ ಓದಿದರೆ ಕೆಲಸದ ಮೇಲೆ ನಿಮಗೆ ಬೇಸರವಿದ್ದಂತೆ ಕಾಣುವುದಿಲ್ಲ. ಮಾತು ಕೊಟ್ಟಾದ ಮೇಲೆ ನಿಮ್ಮನ್ನು ಕರೆಯುತ್ತಾರಲ್ಲ, ಸಂಕಟ ಅಲ್ಲಿದೆ.

‘ವಾಟರ್‌ಪ್ರೂಫ್’ ಎಂಬ ಒಂದು ಮಾತನ್ನೇ ನೋಡಿ. ಐಪಿ65 ಎಂದರೆ ಯಾವ ದಿಕ್ಕಿನಿಂದ ನೀರು ಚಿಮ್ಮಿದರೂ ತಡೆಯಬೇಕು. ಐಪಿ67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಕೆಡಬಾರದು. 67 ದೊಡ್ಡ ಅಂಕಿಯಾದ್ದರಿಂದ 65ರ ಪರೀಕ್ಷೆಯೂ ಅದರಲ್ಲೇ ಸೇರಿತು ಎಂದು ಮಾರುವವರು ತಿಳಿಯುವುದು ಸಹಜ. ಆದರೆ ಸೇರುವುದಿಲ್ಲ, ಎರಡೂ ಬೇಕಾದರೆ ಎರಡನ್ನೂ ಪರೀಕ್ಷಿಸಿ, ಎರಡನ್ನೂ ನಮೂದಿಸಬೇಕು. ಗ್ರಾಹಕರು ಯಂತ್ರವನ್ನು ಪೈಪು ಹಿಡಿದು ತೊಳೆಯುತ್ತಾರೋ, ಅದು ಇರುವ ಜಾಗದಲ್ಲಿ ನೀರು ನಿಲ್ಲುತ್ತದೋ ಎಂದು ಮೊದಲೇ ಕೇಳುವವರು ನೀವು. ಆ ಪ್ರಶ್ನೆ ಇನ್ನಾರಿಗೂ ಹೊಳೆಯದಿರುವುದರಿಂದಲೇ ನಿಮ್ಮ ಹುದ್ದೆ ಇದೆ.

ಈ ತೊಡಕು ಹಳೆಯದು. ಜಪಾನಿನಲ್ಲಿ ಯೋಜಿ ಅಕಾವೊ ಮತ್ತಿತರರು ಇದಕ್ಕಾಗಿಯೇ ಒಂದು ಪದ್ಧತಿ ರೂಪಿಸಿದರು. 1972ರಲ್ಲಿ ಮಿತ್ಸುಬಿಷಿಯ ಕೋಬೆ ಹಡಗುಕಟ್ಟೆಯಲ್ಲಿ ಅದು ಕೋಷ್ಟಕದ ರೂಪ ಪಡೆಯಿತು. ಒಂದು ಬದಿಗೆ ಗ್ರಾಹಕರು ಕೇಳಿದ್ದು, ಇನ್ನೊಂದು ಬದಿಗೆ ಎಂಜಿನಿಯರು ಅಳೆಯಬಲ್ಲದ್ದು. ನಿಮಗೆ ಒಂದು ಹಾಳೆ ಸಾಕು: ಗ್ರಾಹಕರು ಹೇಳಿದ ಮಾತು, ಬಳಸುವ ಜಾಗ, ಬೇಕಾದ ಅಳತೆ, ಒಪ್ಪಿದ ಎಂಜಿನಿಯರ ಹೆಸರು, ದಿನಾಂಕ. ಇದು ತುಂಬದೆ ಕೊಟೇಶನ್ ಹೊರಗೆ ಹೋಗಬಾರದು ಎಂದು ನಿಮ್ಮ ಮ್ಯಾನೇಜರಿಂದ ಲಿಖಿತವಾಗಿ ಒಪ್ಪಿಗೆ ಪಡೆಯಿರಿ.

ಮಾತಿನ ರೀತಿಯನ್ನೂ ತುಸು ಬದಲಿಸಿ. ಮಾರ್ಕೆಟಿಂಗ್‌ನವರಿಗೆ ಬರೀ ‘ಆಗಲ್ಲ’ ಅನ್ನಬೇಡಿ. ಎಷ್ಟು ವಾರ, ಎಷ್ಟು ಹೆಚ್ಚು ಖರ್ಚು ಎಂದು ಹೇಳಿ. ಅವರಿಗೂ ಗ್ರಾಹಕರೆದುರು ಹೇಳಲು ಏನಾದರೂ ಬೇಕು. ಎಂಜಿನಿಯರುಗಳಿಗೆ ಬೇಡಿಕೆಯೊಂದಿಗೆ ಅದರ ಕಾರಣವನ್ನೂ ತಿಳಿಸಿ. ಸಾಧ್ಯವಾದಾಗ ಅವರಲ್ಲೊಬ್ಬರನ್ನು ಗ್ರಾಹಕರ ಕಾರ್ಖಾನೆಗೇ ಕರೆದೊಯ್ಯಿರಿ. ಕಣ್ಣಾರೆ ಕಂಡ ಮೇಲೆ ವಾದ ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನು ಮದ್ದಳೆ. ಅದರಿಂದ ಕೆಲಸ ಸುಧಾರಿಸುತ್ತದೆಯೇ ಎಂಬ ಲೆಕ್ಕ ಬೇಡವೇ ಬೇಡ. ನಿಮಗೆ ಇಷ್ಟ, ಅಷ್ಟು ಸಾಕು. ಆಗೊಮ್ಮೆ ಈಗೊಮ್ಮೆ ಹೋದರೆ ತಾಳ ಕೈಗೆ ಹತ್ತುವುದಿಲ್ಲ ಎಂಬುದು ನಿಮಗೇ ಗೊತ್ತು. ಗುರುವಾರ ಸಂಜೆ ಆರರ ನಂತರ ‘ಮದ್ದಳೆ ಪಾಠ’ ಎಂದೇ ಆಫೀಸಿನ ಕ್ಯಾಲೆಂಡರಿನಲ್ಲಿ ಬರೆದಿಡಿ. ಸುಳ್ಳು ನೆಪ ಹೇಳಬೇಡಿ. ನೀವೇ ಅದಕ್ಕೆ ಬೆಲೆ ಕೊಡದಿದ್ದರೆ ಬೇರೆಯವರು ಯಾಕೆ ಕೊಟ್ಟಾರು?

ಆರು ತಿಂಗಳು ಹೀಗೆ ನಡೆಸಿ. ಆಗಲೂ ನಿಮ್ಮನ್ನು ಕೇಳದೆ ಮಾತು ಕೊಡುತ್ತಲೇ ಇದ್ದರೆ, ಹಾಳೆಯ ಪ್ರತಿಗಳೇ ನಿಮಗೆ ಉತ್ತರ ಹೇಳುತ್ತವೆ. ಆಗ ಡಿಸೈನ್ ಕೆಲಸಕ್ಕೆ ಹೋಗಿ; ಸೋತೆ ಎಂದು ಯಾರೂ ಅನ್ನಲಾರರು, ನೀವೂ ಅಂದುಕೊಳ್ಳಬೇಡಿ.