ಓಡುವ ಚಿತ್ರದಿಂದ ಬಿಡಿಚಿತ್ರ ತೆಗೆಯುವುದು: ಒಂದು ಪಾಠ ಯೋಜನೆ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಹೃದಯದ ಬಡಿತ, ಚಂದ್ರನ ಕಲೆಗಳನ್ನು ತೋರಿಸಲು ಜಿಫ್ ಚಿತ್ರ ಒಯ್ಯುವುದುಂಟು. ಚಿತ್ರ ನಿಲ್ಲದೆ ಓಡುತ್ತದೆ. ಹಿಂದಿನ ಸಾಲಿನ ಮಗು “ಸರ್, ಸ್ವಲ್ಪ ನಿಲ್ಲಸ್ರಿ” ಅಂದರೆ ನಿಲ್ಲಿಸಲು ಬರುವುದಿಲ್ಲ. ಅದನ್ನೇ ಬಿಡಿಚಿತ್ರಗಳಾಗಿ ತೆಗೆದು ಮುದ್ರಿಸಿಕೊಂಡರೆ ಕರೆಂಟ್ ಇಲ್ಲದ ಕೋಣೆಯಲ್ಲೂ ಪಾಠ ನಡೆಯುತ್ತದೆ.

ಹೀಗೆ ತೆಗೆಯುವಾಗ ಕೆಲವೊಮ್ಮೆ ತುಂಡು ಚಿತ್ರಗಳು ಬರುತ್ತವೆ. “ಫೈಲ್ ಕೆಟ್ಟಿದೆ” ಎಂದು ಹೇಳಿ ಮುಂದೆ ಸಾಗಬೇಡಿ. ಈ ಪಾಠದ ತಿರುಳು ಅಲ್ಲೇ ಇದೆ.

ತರಗತಿ: 9. ಅವಧಿ: 40 ನಿಮಿಷ.

ಕಲಿಕಾಂಶ: ಜಿಫ್ ಕಡತದ ಪ್ರತಿ ಫ್ರೇಮ್ ಪೂರ್ಣ ಚಿತ್ರವಾಗಿರಬೇಕಿಲ್ಲ, ಬದಲಾದ ಭಾಗ ಮಾತ್ರ ಇರಬಹುದು.

ಬೋಧನೋಪಕರಣ: ದೇವಸ್ಥಾನದ ಬೀದಿ ಬರೆದ ಡ್ರಾಯಿಂಗ್ ಹಾಳೆ, ತೇರು ಮಾತ್ರ ಬರೆದ ಎರಡು ಪಾರದರ್ಶಕ ಹಾಳೆ, ಪೈಥಾನ್ ಮತ್ತು ಪಿಲ್ಲೋ ಇರುವ ಒಂದು ಕಂಪ್ಯೂಟರ್.

ಹಂತ 1, ಪ್ರೇರಣೆ (10 ನಿಮಿಷ): ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯನ್ನು ನೆನಪಿಸಿ. “ತೇರು ಮುಂದೆ ಹೋದಾಗ ಯಾವುದು ಬದಲಾಗುತ್ತದೆ? ಯಾವುದು ಇದ್ದಲ್ಲೇ ಇರುತ್ತದೆ?” ಎಂದು ಕೇಳಿ. ಬೀದಿಯ ಮೇಲೆ ಮೊದಲ ತೇರಿನ ಹಾಳೆ ಇಡಿ. ಅದನ್ನು ತೆಗೆಯದೆ ಎರಡನೆಯದನ್ನು ಸ್ವಲ್ಪ ಮುಂದೆ ಇಡಿ. ಎರಡು ತೇರು ಕಾಣುತ್ತವೆ. ಹಿಂದಿನದನ್ನು ಉಳಿಸಬೇಕೋ ಅಳಿಸಬೇಕೋ ಎಂಬ ಸೂಚನೆಯೂ ಕಡತದಲ್ಲಿ ಬೇಕು ಎಂದು ಮಕ್ಕಳೇ ಹೇಳಲಿ.

ಹಂತ 2, ವಿವರಣೆ (10 ನಿಮಿಷ): ಜಿಫ್ ರೂಪವನ್ನು ಕಂಪ್ಯೂಸರ್ವ್ ಸಂಸ್ಥೆ 1987ರಲ್ಲಿ ಹೊರತಂದಿತು. ಪ್ರತಿ ಫ್ರೇಮ್ ಎಷ್ಟು ಹೊತ್ತು ನಿಲ್ಲಬೇಕು, ಆಮೇಲೆ ಅದನ್ನು ಏನು ಮಾಡಬೇಕು ಎಂಬ ಸೂಚನೆಗಳು 1989ರ ಆವೃತ್ತಿಯಲ್ಲಿ ಸೇರಿದವು. ಕಾಲವನ್ನು ಸೆಕೆಂಡಿನ ನೂರನೇ ಭಾಗದಲ್ಲಿ ಬರೆಯುತ್ತಾರೆ. 10 ಫ್ರೇಮ್, ತಲಾ 20 ಎಂದಿದ್ದರೆ ಒಂದು ಸುತ್ತಿಗೆ ಎಷ್ಟು ಸೆಕೆಂಡ್? ಮಕ್ಕಳು ಲೆಕ್ಕ ಹಾಕಲಿ: 2 ಸೆಕೆಂಡ್.

ಹಂತ 3, ಪ್ರಯೋಗ (15 ನಿಮಿಷ): ಪಿಲ್ಲೋದ ‘ಓಪನ್’ನಿಂದ ಕಡತ ತೆರೆಯಿರಿ. ‘ಎನ್_ಫ್ರೇಮ್ಸ್’ ಒಟ್ಟು ಸಂಖ್ಯೆ ತಿಳಿಸುತ್ತದೆ. ಲೂಪ್‌ನಲ್ಲಿ ‘ಸೀಕ್’ ಬಳಸಿ ಒಂದೊಂದೇ ಫ್ರೇಮ್‌ಗೆ ಹೋಗಿ, ‘ಸೇವ್’ ಮೂಲಕ ಪಿಎನ್‌ಜಿಯಾಗಿ ಉಳಿಸಿ. ಎಣಿಕೆ 0ಯಿಂದ ಶುರು. 10 ಫ್ರೇಮ್ ಇದ್ದರೆ ಕೊನೆಯದು 9. ಬೇಕೆಂದೇ 10ಕ್ಕೆ ‘ಸೀಕ್’ ಮಾಡಿ ತೋರಿಸಿ. ಕಡತ ಮುಗಿಯಿತೆಂಬ ದೋಷಸೂಚನೆ ಬರುತ್ತದೆ. ಕಾರಣ ಮಕ್ಕಳು ಹುಡುಕಲಿ.

ಪಿಲ್ಲೋ ತುಂಡುಗಳನ್ನು ತಾನೇ ಜೋಡಿಸಿ ಪೂರ್ಣ ಚಿತ್ರ ಕೊಡುತ್ತದೆ. ಇಮೇಜ್‌ಮ್ಯಾಜಿಕ್ ಬಳಸುವವರು ‘ಕೋಯಲೆಸ್’ ಆಯ್ಕೆ ಸೇರಿಸದಿದ್ದರೆ ತುಂಡುಗಳೇ ಹೊರಬರಬಹುದು. ಎರಡೂ ಬಗೆಯ ಮುದ್ರಿತ ಪ್ರತಿಗಳನ್ನು ಮೊದಲೇ ಸಿದ್ಧಪಡಿಸಿ ಹಂಚಿ.

ಮೌಲ್ಯಮಾಪನ (5 ನಿಮಿಷ): ತೇರಿನ ತುಂಡು ಮಾತ್ರ ಇರುವ ಪ್ರತಿ ತೋರಿಸಿ, “ಬೀದಿ ಎಲ್ಲಿ ಹೋಯಿತು?” ಎಂದು ಕೇಳಿ. “ಅದು ಮೊದಲ ಫ್ರೇಮ್‌ನಲ್ಲಿದೆ, ಮತ್ತೆ ಬರೆದಿಲ್ಲ” ಎಂಬ ಅರ್ಥದ ಉತ್ತರ ಬಂದರೆ ಕಲಿಕೆ ಆಗಿದೆ.

ವೀಕ್ಷಕರಿಗೆ: ಪ್ರೋಗ್ರಾಂ ಓಡಿತೇ ಎಂಬುದಕ್ಕಷ್ಟೇ ಅಂಕ ಕೊಡಬೇಡಿ. ಚಿತ್ರ ಹೊರಬರುವ ಮೊದಲು ಏನು ಬರಬಹುದೆಂದು ಪ್ರಶಿಕ್ಷಣಾರ್ಥಿ ಮಕ್ಕಳಿಂದ ಊಹೆ ಹೇಳಿಸಿದರೇ ಎಂಬುದನ್ನು ಗಮನಿಸಿ. ಕಂಪ್ಯೂಟರ್ ಕೈಕೊಟ್ಟರೆ ಹಂತ 1 ಮತ್ತು ಮುದ್ರಿತ ಪ್ರತಿಗಳಿಂದಲೇ ಪಾಠ ಪೂರ್ತಿಯಾಗುತ್ತದೆ.